ಅರೆಬೆಂದ ತುಂಡು

ಮಾದನಹಿಪ್ಪರಗಾದಿಂದ ಭೀಮಾ ದಂಡೆಯ ಹಳ್ಳಿಗೆ ನಾನು ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ನಿಜಾಮರ ಕಾಲ. ಅಫಜಲಪುರ ತಾಲೂಕಿನ ಆ ಕಡೆಗೆ ಸರಿಯಾದ ದಾರಿಯೂ ಇರಲಿಲ್ಲ. ಮನೆಯಲ್ಲಿ ಮಾವ, ಅತ್ತೆ, ನನ್ನ ಗಂಡ, ನಾನು, ನಾಲ್ಕೇ ಜನ. ಮಾವ ಅಂಗಳಕ್ಕೆ ಬಂದರೆ ನಾನು ಸೆರಗೆಳೆದುಕೊಂಡು ಒಳಗೆ ಹೋಗುತ್ತಿದ್ದೆ. ಅವರು ಕೆಟ್ಟವರಾಗಿರಲಿಲ್ಲ, ಮನೆಯ ರೀತಿ ಹಾಗಿತ್ತು. ನನಗೆ ಏನಾದರೂ ಹೇಳಬೇಕಾದರೆ ಅವರು ಅತ್ತೆಗೆ ಹೇಳುತ್ತಿದ್ದರು, ಅತ್ತೆ ನನಗೆ ಹೇಳುತ್ತಿದ್ದರು. ಗಂಡನೂ ಹಗಲು ಹೊತ್ತಿನಲ್ಲಿ ನನ್ನೊಡನೆ ಮಾತಾಡುತ್ತಿದ್ದುದು ಕಡಿಮೆ. ನೀರು ಕೊಡು, ಹಗ್ಗ ಎಲ್ಲಿದೆ, ಅಷ್ಟೇ.

ಮಾವ ಸುತ್ತಲಿನ ಹಳ್ಳಿಗಳಲ್ಲೆಲ್ಲ ದೊಡ್ಡ ಬೇಟೆಗಾರರೆಂದು ಹೆಸರಾದವರು. ಜೋಳ ಹಾಲುಗಾಳಾಗುವ ಹೊತ್ತಿಗೆ ಹೊಳೆದಂಡೆಯ ಜಾಲಿಕಂಟಿಯಿಂದ ಅಡವಿ ಹಂದಿಗಳು ಏಳುತ್ತಿದ್ದವು. ಒಂದು ಹಿಂಡು ಹೊಕ್ಕರೆ ಅರ್ಧ ಹೊಲ ನೆಲ ಹಿಡಿಯುತ್ತಿತ್ತು. ಆಗ ಎಲ್ಲರೂ ಮಾವನ ಬಳಿ ಬರುತ್ತಿದ್ದರು. ಬಂದೂಕು ಯಾರಲ್ಲೂ ಇರಲಿಲ್ಲ. ನಾಯಿ, ಬಲೆ, ಈಟಿ, ಇಷ್ಟರಲ್ಲೇ ಬೇಟೆ. ನನ್ನ ಗಂಡನಿಗೆ ಅದರ ಮೇಲೆ ಮನಸ್ಸಿರಲಿಲ್ಲ. ಎತ್ತುಗಳ ಮೈ ತಿಕ್ಕುವುದೆಂದರೆ ಇಡೀ ಮುಂಜಾನೆ ಕಳೆಯುವ ಮನುಷ್ಯ. ಆದರೂ ಆ ವರ್ಷ, ಎಳ್ಳಮಾಸಿ ಹಬ್ಬ ಮುಗಿದ ನಾಲ್ಕನೆಯ ದಿನ, ಅಪ್ಪನ ಮಾತಿಗೆ ಇಲ್ಲವೆನ್ನಲಾರದೆ ಹೋದರು. ಬಲೆಯ ಬಾಯಿಗೆ ಬಂದ ಒಂಟಿ ಹಂದಿಗೆ ಅವರ ಈಟಿಯೇ ಮೊದಲು ತಾಗಿತು.

ಮೊದಲ ಈಟಿ ಹಾಕಿದವನಿಗೆ ಹಂದಿಯ ನಾಲಿಗೆ ಸಲ್ಲಬೇಕೆಂದು ಬೇಟೆಯವರ ಕಟ್ಟಳೆ. ಹೊಲದಲ್ಲೇ ಬೆಂಕಿ ಮಾಡಿ, ನಾಲಿಗೆಯನ್ನೂ ದವಡೆಯ ಮಾಂಸವನ್ನೂ ಕೆಂಡದ ಮೇಲೆ ಹಾಕಿ, ಹೊರಗೆ ಕಪ್ಪಾಗುತ್ತಲೇ ತೆಗೆದು ತಿನ್ನುತ್ತಿದ್ದರು. ಪೂರ್ತಿ ಬೇಯುವ ತನಕ ಕಾಯುವುದು ಗಂಡಸರ ಲಕ್ಷಣವಲ್ಲವೆಂಬ ಒಣ ಹೆಮ್ಮೆ. ಮಾವ ತಮ್ಮ ಕೈಯಿಂದಲೇ ಮಗನ ಬಾಯಿಗೆ ನಾಲಿಗೆಯ ತುಂಡು ಇಟ್ಟರಂತೆ. ಮಾವನಿಗೆ ಹಲ್ಲು ಹೋಗಿದ್ದವು, ಅವರು ಕೆಂಡದ ಮಾಂಸ ಮುಟ್ಟಲಿಲ್ಲ. ಬೇಟೆಗೆ ಜೊತೆಯಾಗಿದ್ದ ಇನ್ನಿಬ್ಬರು ತಿಂದರು.

ಮಿಕ್ಕ ಪಾಲು ಮಧ್ಯಾಹ್ನಕ್ಕೆ ಮನೆಗೆ ಬಂತು. ಹಂದಿಯ ಮಾಂಸವನ್ನು ಒಳಗಿನ ಒಲೆಗೆ ತರುವಂತಿರಲಿಲ್ಲ. ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ದೊಡ್ಡ ಗಡಿಗೆಯಲ್ಲಿ ಬೇಯಿಸುವುದು. ಅತ್ತೆ ಅದರ ಮುಂದೆ ಕೂತರೆ, ಕಟ್ಟಿಗೆ ತರುವುದಕ್ಕೆ ಬಿಟ್ಟು, ದೀಪ ಹಚ್ಚುವ ತನಕ ಏಳುತ್ತಿರಲಿಲ್ಲ. ನಾನು ಖಾರ ಅರೆಯುತ್ತಿದ್ದಾಗ ಗಂಡ ಹಿತ್ತಲ ಗೋಡೆಯ ಹತ್ತಿರ ಬಂದು, ಅತ್ತೆ ಕಟ್ಟಿಗೆಗೆ ಹೋದ ಹೊತ್ತು ನೋಡಿ, ಮುತ್ತಲ ಎಲೆಯ ಸಣ್ಣ ಪೊಟ್ಟಣವೊಂದನ್ನು ನನ್ನ ಮುಂದೆ ಇಟ್ಟರು.

"ನಿನಗಂತ ತಂದೇನಿ. ಲಗೂನ ತಿನ್ನು," ಎಂದು ಹೇಳಿ ಹೋಗಿಬಿಟ್ಟರು.

ಮದುವೆಯಾದ ಮೇಲೆ ಅವರು ನನಗೆಂದೇ ಬಚ್ಚಿಟ್ಟು ತಂದ ಮೊದಲ ವಸ್ತು ಅದು. ಬಿಚ್ಚಿದೆ. ಬೆರಳಿನಷ್ಟು ನಾಲಿಗೆಯ ತುಂಡು. ಮುರಿದರೆ ಒಳಗೆ ಇನ್ನೂ ಕೆಂಪಗೆ, ನೀರು ಜಿನುಗುತ್ತಿತ್ತು. ನನ್ನ ತವರಿನಲ್ಲಿ ಹಸಿ ವಾಸನೆಯ ಮಾಂಸ ತಿಂದು ಗೊತ್ತಿರಲಿಲ್ಲ. ಎಸೆಯಲು ಮನಸ್ಸು ಬರಲಿಲ್ಲ, ತಿನ್ನಲೂ ಆಗಲಿಲ್ಲ. ಕುದಿಯುತ್ತಿದ್ದ ಗಡಿಗೆಯೊಳಗೆ ಹಾಕಿ ಸೌಟಿನಿಂದ ಕೆಳಗೆ ಒತ್ತಿದೆ. ಸಂಜೆ ಅವರು ಕಣ್ಣಿನಲ್ಲೇ ಕೇಳಿದಾಗ, ತಿಂದೆನೆಂದು ತಲೆಯಾಡಿಸಿದೆ.

ಎರಡು ದಿನಕ್ಕೆ ಅವರಿಗೆ ಹೊಟ್ಟೆ ಕೆಟ್ಟಿತು. ಬೇಟೆಯ ಊಟದ ಮೇಲೆ ಅದು ಇದ್ದದ್ದೇ ಎಂದು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಕೆಲವು ದಿನ ಕಳೆದವು. ಒಂದು ಮುಂಜಾನೆ ಎದ್ದಾಗ ಅವರ ಎರಡೂ ರೆಪ್ಪೆ ಊದಿ ಕಣ್ಣು ಮುಚ್ಚಿಹೋಗಿದ್ದವು. ಮೈ ಸುಡುತ್ತಿತ್ತು. ಮರುದಿನಕ್ಕೆ ಮೀನಖಂಡಗಳು ಕಲ್ಲಿನಂತೆ ಬಿಗಿದವು, ಕೈ ಎತ್ತಲಾಗದು, ರೊಟ್ಟಿ ಅಗಿಯಲಾಗದು. ಅತ್ತೆ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಓಣಿಯವರು, ಹೊಳೆದಂಡೆಯ ಗಾಳಿ ಸೋಕಿದೆ, ಗಾಣಗಾಪುರದ ಗುಡಿಗೆ ಕರೆದುಕೊಂಡು ಹೋಗಿರಿ ಎಂದರು. ಮಾವ ಎರಡನೇ ಮಾತಾಡದೆ ಗಾಡಿ ಕಟ್ಟಿದರು. ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿದೆವು. ಗಾಲಿ ಕಲ್ಲಿಗೆ ಬಡಿದಾಗಲೆಲ್ಲ ಅವರು ಹಲ್ಲು ಕಚ್ಚುತ್ತಿದ್ದರು. ಮುಂದೆ ಕೂತ ಮಾವ ಆಗ ಹಗ್ಗ ಎಳೆದು ಎತ್ತುಗಳನ್ನು ನಿಧಾನ ಮಾಡುತ್ತಿದ್ದರು.

ಗಾಣಗಾಪುರದಲ್ಲಿ ಒಬ್ಬ ಪೂಜಾರಿಯ ಮನೆಯ ಹಿಂದೆ ತಂಗಲು ಒಂದು ಕೋಣೆ ಸಿಕ್ಕಿತು. ಪಕ್ಕದ ಕೋಣೆಯಲ್ಲಿ ಸೋಲಾಪುರದ ಮುದುಕರೊಬ್ಬರು ಕಾಯಿಲೆಯ ಹೆಂಡತಿಯೊಡನೆ ಸೇವೆಗೆಂದು ಬಂದು ಇದ್ದರು. ರೈಲ್ವೆ ದವಾಖಾನೆಯಲ್ಲಿ ಡಾಕ್ಟರಾಗಿದ್ದು ನಿವೃತ್ತರಾದವರಂತೆ. ಎರಡನೆಯ ದಿನ ನಾನು ಗಂಡನ ಮುಖಕ್ಕೆ ನೀರು ಹಾಕಿ ಒರೆಸುತ್ತಿದ್ದಾಗ ಅವರು ನಿಂತು ನೋಡಿದರು. ಹತ್ತಿರ ಬಂದು ಕೂತು ರೆಪ್ಪೆ ಎತ್ತಿದರು, ಮೀನಖಂಡ ಒತ್ತಿದರು, ಬಾಯಿ ತೆರೆ ಎಂದರು. ಮರಾಠಿ ಬೆರೆತ ಕನ್ನಡದಲ್ಲಿ ಮಾವನನ್ನು ಕೇಳಿದರು: "ಇವ ಏನು ತಿಂದಾನ? ಎರಡು ಮೂರು ವಾರದ ಹಿಂದ? ಮಾಂಸ ಬಿಂಸ?"

ಮಾವ ನೆಲ ನೋಡಿದರು. ದೇವರ ಊರಿನಲ್ಲಿ, ಪೂಜಾರಿಯ ಹಿತ್ತಲಲ್ಲಿ ನಿಂತು ಹಂದಿಯ ಹೆಸರು ಹೇಗೆ ತೆಗೆಯುವುದು? ಅತ್ತೆ ಮಗನ ಹೊದಿಕೆ ಸರಿಮಾಡತೊಡಗಿದರು. ಡಾಕ್ಟರು ಮತ್ತೊಮ್ಮೆ ಕೇಳಿದರು.  ಕೊನೆಗೆ ಏಳಲು ಮೊಣಕಾಲ ಮೇಲೆ ಕೈಯಿಟ್ಟರು.

"ಅಡವಿ ಹಂದಿ ತಿಂದಾರ್ರಿ," ಎಂದೆ ನಾನು. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಕೆಂಡದ ಮ್ಯಾಗ ಸುಟ್ಟದ್ದು. ಒಳಗ ಕೆಂಪೇ ಇತ್ರಿ. ನಾವು ಗಡಿಗ್ಯಾಗ ಬೇಯಿಸಿದ್ದು ತಿಂದೇವಿ, ನಮಗ ಏನೂ ಆಗಿಲ್ರಿ. ಅವರ ಜೋಡಿ ಕೆಂಡದ್ದು ತಿಂದ ಇಬ್ಬರಿಗೂ ಮೈಕೈ ಬ್ಯಾನಿ ಅದ."

ಡಾಕ್ಟರು ಮತ್ತೆ ಕೂತರು. ಮಾವನ ಕಡೆ ತಿರುಗದೆ ನನಗೇ ಹೇಳಿದರು: "ಹಂದಿ ಮಾಂಸದಾಗ ಒಂದು ಹುಳ ಇರ್ತದ ತಾಯಿ. ಕೂದಲಕಿಂತ ಸಣ್ಣದು, ಸುರುಳಿ ಸುತ್ತಿ ಮಲಗಿರ್ತದ, ಕಣ್ಣಿಗೆ ಕಾಣಂಗಿಲ್ಲ. ಚಲೋ ಬೆಂದ್ರ ಸಾಯ್ತದ. ಅರ್ಧಮರ್ಧ ಬೆಂದ್ರ ಜೀವ ಇರ್ತದ. ಹೊಟ್ಟ್ಯಾಗ ಮರಿ ಹಾಕ್ತದ, ಆ ಮರಿ ರಕ್ತದಾಗ ಹಾಯ್ದು ಮಾಂಸಖಂಡದಾಗ ಹೋಗಿ ಕೂಡ್ತಾವ. ಸೋಲಾಪುರದಾಗ ಶಿಕಾರಿ ಹುಚ್ಚಿನ ಒಬ್ಬ ಗೋರಾ ಸಾಹೇಬಗ ಹಿಂಗೇ ಆಗಿತ್ತು. ಬರೇ ನೋಡಿ ಪಕ್ಕಾ ಹೇಳಾಕ ಬರಂಗಿಲ್ಲ, ಖರೆ ನನಗ ಅದೇ ಅನಸ್ತದ."

"ಔಷಧ ಏನ್ರಿ?" ಎಂದರು ಅತ್ತೆ.

"ಹುಳ ತೆಗೆಯೋ ಔಷಧ ನನ್ನ ಕೈಯಾಗಿಲ್ರಿ. ಮಲಗಿಸ್ರಿ, ನೀರು ಹಾಲು ಗಂಜಿ ಕೊಡ್ರಿ. ಮೈಯೇ ಅವುಕ್ಕ ಗೋಡಿ ಕಟ್ತದ. ಜ್ವರ ಇಳೀತದ, ತಡ ಆಗ್ತದ. ಉಸಿರು ಹಿಡಿದ್ರ, ಎದಿ ಹಾರಿದ್ರ ಮಾತ್ರ ತಡಮಾಡದಂಗ ಸೋಲಾಪುರಕ್ಕ ತರ್ರಿ."

ಊಟದ ಹೊತ್ತಾದರೂ ಮಾವ ಕಾಣಲಿಲ್ಲ. ಅತ್ತೆ ಮಗನ ಕಾಲು ಬಿಡುವಂತಿರಲಿಲ್ಲ, ನಾನೇ ಹುಡುಕಿಕೊಂಡು ಹೋದೆ. ಹೊಳೆಯ ಹತ್ತಿರ ಅತ್ತಿಮರದ ಕೆಳಗೆ ಒಬ್ಬರೇ ಕೂತಿದ್ದರು. ನಾನು ದೂರದಲ್ಲೇ ನಿಂತೆ. ಅವರು ತಲೆ ಎತ್ತದೆ, "ನಾನೇ ಕೈಯಾರೆ ಬಾಯಾಗ ಇಟ್ಟೆ ಬೇ," ಎಂದರು. "ಅಂವ ಒಲ್ಲೆ ಅಂದಿದ್ದ. ಮಂದಿ ಮುಂದ ಮಾನ ಕಳೀಬ್ಯಾಡ ಅಂತ ಬೈದು ತಿನ್ನಿಸಿದೆ."

ಅವರು ನನಗೆ ನೇರವಾಗಿ ಆಡಿದ ಮೊದಲ ಮಾತು ಅದು. 

"ನಿಮಗ ಗೊತ್ತಿರಲಿಲ್ರಿ ಮಾವ," ಎಂದೆ. "ರೊಟ್ಟಿ ಆರತಾವ. ಬರ್ರಿ." ಅವರು ಹೊಳೆಗಿಳಿದು ಮುಖ ತೊಳೆದುಕೊಂಡು ನನ್ನ ಹಿಂದೆ ಬಂದರು.

ಊರಿಗೆ ಮರಳಿದ ಮೇಲೆ ಸುಮಾರು ಒಂದೂವರೆ ತಿಂಗಳು ನನ್ನ ಗಂಡ ಹಾಸಿಗೆ ಬಿಡಲಿಲ್ಲ. ನಮ್ಮ ಪಕ್ಕದ ಮನೆ ಲಿಂಗಾಯತ ಅಜ್ಜಿಯದು. ನಮ್ಮ ಹಿತ್ತಲಲ್ಲಿ ಗಡಿಗೆ ಏರಿದ ದಿನ ಆಕೆ ತನ್ನ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು. ಅಂಥವಳು ಈಗ ದಿನಾ ಮುಂಜಾನೆ ಎಮ್ಮೆ ಹಿಂಡಿದ ಕೂಡಲೇ ಒಂದು ತಂಬಿಗೆ ಹಾಲು ತಂದು ನಮ್ಮ ಕಟ್ಟೆಯ ಮೇಲೆ ಇಡುತ್ತಿದ್ದಳು. "ಇವತ್ತ ಕೈ ಎತ್ತಿದನೇನು ಬೇ?" ಎಂದು ಕೇಳಿ, ನಾನು ಹೇಳಿದ್ದನ್ನು ಕೇಳಿಕೊಂಡು ಹೋಗುತ್ತಿದ್ದಳು. ಜೋಳದ ಕೊಯ್ಲಿಗೆ ಓಣಿಯವರು ತಾವೇ ಕುಡುಗೋಲು ಹಿಡಿದು ಬಂದರು.

ಗಂಜಿ ಕುಡಿಸುವುದು, ತಲೆ ಬಾಚುವುದು, ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಕಾಲಿಗೆ ಸುತ್ತುವುದು ನನ್ನ ಕೆಲಸವಾಯಿತು. ಎರಡು ವರ್ಷದಲ್ಲಿ ಆಡದ ಮಾತುಗಳನ್ನು ನಾವು ಆ ದಿನಗಳಲ್ಲಿ ಆಡಿದೆವು. ಚಿಕ್ಕವನಿದ್ದಾಗ ಸತ್ತ ಕರುವಿಗಾಗಿ ತಾವು ಮೂರು ದಿನ ಊಟ ಬಿಟ್ಟಿದ್ದನ್ನು ಅವರು ಹೇಳಿದರು. ನಾನು ತವರಿನ ಬಾವಿಯ ಬಗ್ಗೆ, ಅವ್ವನ ಬಗ್ಗೆ ಹೇಳಿದೆ. ಒಂದು ಮಧ್ಯಾಹ್ನ ಅವರು ಸೂರು ನೋಡುತ್ತ ಕೇಳಿದರು: "ನಿನಗ್ಯಾಕ ಏನೂ ಆಗ್ಲಿಲ್ಲ? ನೀನೂ ಆ ತುಂಡು ತಿಂದಿದ್ದಿ. ಪ್ರತಿ ದಿನ ನಿನ್ನ ಕಣ್ಣು ನೋಡಾಕತ್ತೇನಿ, ಊದ್ಯಾವೇನಂತ."

ಅವರು ಇಷ್ಟು ದಿನ ತಮ್ಮ ನೋವಿನ ಜೊತೆಗೆ ಆ ಹೆದರಿಕೆಯನ್ನೂ ಹೊತ್ತುಕೊಂಡಿದ್ದರೆಂದು ನನಗೆ ಆಗ ತಿಳಿಯಿತು. ಗಡಿಗೆಯ ಸಂಗತಿ ಹೇಳಿದೆ. ಅವರು ಒಂದು ಗಳಿಗೆ ನನ್ನನ್ನೇ ನೋಡಿದರು. "ಅಂದ್ರ ನನಗ ಸುಳ್ಳ ಹೇಳಿದಿ," ಎಂದು ನಗಲು ಹೋದರು. ದವಡೆ ನೋವಾಗಿ ನಗು ಅರ್ಧಕ್ಕೇ ನಿಂತಿತು. ಕಣ್ಣಲ್ಲಿ ಮಾತ್ರ ನೀರು ಬಂತು. ನಾನು ಸೆರಗಿನಿಂದ ಒರೆಸಿದೆ.

ಯುಗಾದಿಯ ಹೊತ್ತಿಗೆ ಗೋಡೆ ಹಿಡಿದು ನಡೆದರು. ಮುಂಗಾರಿಗೆ ಎತ್ತುಗಳ ಹಗ್ಗ ಹಿಡಿದರು. ಅವರ ಜೊತೆ ತಿಂದ ಇಬ್ಬರೂ ಅದಕ್ಕೆ ಮೊದಲೇ ಸುಧಾರಿಸಿದ್ದರು.

ಹಂದಿಗಳು ಮರುವರ್ಷವೂ ಬಂದವು, ಬೇಟೆಯೂ ನಡೆಯಿತು. ಆದರೆ ಹೊಲದಲ್ಲಿ ಬೆಂಕಿ ಮಾಡಬಾರದೆಂದು ಮಾವ ಮೊದಲೇ ಹೇಳಿದರು. ಹಲ್ಲಿಲ್ಲದವನ ಕಟ್ಟಳೆ ಎಂದು ಕೆಲವರು ನಕ್ಕರು. ಅಂಥ ಮಾತಿಗೆ ಹಿಂದೆ ಈಟಿ ಹಿಡಿಯುತ್ತಿದ್ದವರು ಅಂದು ನಾಯಿಗಳ ಹಗ್ಗ ಬಿಚ್ಚಿ ಮುಂದೆ ನಡೆದರು. ಮಾಂಸ ಪಾಲಾದ ಮೇಲೆ ನಮ್ಮ ಬಾಗಿಲಿಗೆ ಬಂದು ನನ್ನನ್ನು ಕರೆದರು: "ಪಾಲು ಹೋದ ಮನಿಗೆಲ್ಲ ಹೋಗಿ ಬರೂಣು ನಡಿ ಬೇ. ಅಡಗಿ ಮಾಡವರು ಹೆಣ್ಣಮಕ್ಕಳು. ಅವರಿಗಿ ತಿಳಿಸಿ ಹೇಳಾಕ ನನಗ ಬರಂಗಿಲ್ಲ."

ಮಾವ ಅಂಗಳದಲ್ಲಿ ಕೈಕಟ್ಟಿ ನಿಲ್ಲುತ್ತಿದ್ದರು, ನಾನು ಒಳಗೆ ಹೋಗಿ ಹೇಳುತ್ತಿದ್ದೆ. ಸಣ್ಣ ತುಂಡು ಮಾಡ್ರಿ, ಗಡಿಗೆ ಸುಮ್ಮನೆ ಬಿಸಿಯಾದರೆ ಸಾಲದು, ಕುದಿ ಬಂದ ಮೇಲೂ ಬಹಳ ಹೊತ್ತು ಬಿಡ್ರಿ, ಎಲುಬು ಬಿಟ್ಟು ಬರಬೇಕು, ಒಳಗೆ ಎಲ್ಲೂ ಕೆಂಪು ಉಳಿಯಬಾರದು, ಹಸಿ ಮಾಂಸ ಹೆಚ್ಚಿದ ಕೈ ತೊಳೆಯದೆ ರೊಟ್ಟಿ ಮುಟ್ಟಬೇಡ್ರಿ. ಕೆಲವರು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ಒಬ್ಬಾಕೆ, ಬಸುರಿ, ಹಿತ್ತಲ ಕಲ್ಲೊಲೆಯ ಮೇಲಿದ್ದ ಗಡಿಗೆಯ ಮುಚ್ಚಳ ತೆಗೆದು, "ನೋಡಿ ಹೇಳ್ರಿ ಅಕ್ಕ, ಇಷ್ಟು ಸಾಕೇನ್ರಿ?" ಎಂದಳು. ನಾನು ಒಂದು ತುಂಡು ತೆಗೆದು ಮುರಿದು ನೋಡಿ, ಇನ್ನೂ ಸ್ವಲ್ಪ ಹೊತ್ತು ಎಂದೆ. ಅವಳು ಎರಡು ಕಟ್ಟಿಗೆ ಮುಂದೆ ದೂಡಿದಳು.

ನನ್ನ ಗಂಡನ ಕಾಲಿನ ನೋವು ಪೂರ್ತಿ ಹೋಗಲಿಲ್ಲ. ಮುಂದೆ ಎಷ್ಟೋ ವರ್ಷ ಚಳಿ ಬಿದ್ದಾಗ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಆಗ ಕುಸುಬಿ ಎಣ್ಣೆ ಬೆಚ್ಚಗೆ ಮಾಡಿ ನಾನು ತಿಕ್ಕುತ್ತಿದ್ದೆ, ಅವರು ಆ ದಿನದ ಹೊಲದ ಸುದ್ದಿ ಹೇಳುತ್ತಿದ್ದರು. ಎಣ್ಣೆ ಮುಗಿದರೂ ಮಾತು ಮುಗಿಯುತ್ತಿರಲಿಲ್ಲ.