ರೊಟ್ಟಿ ಕಳಿಸಿದ ಬಾಕ್ಸು

ರಟ್ಟಿನ ಬಾಕ್ಸು ಆರಿಸುವುದನ್ನು ನನಗೆ ಕಲಿಸಿದವಳು ಅವ್ವ. ಅಫಜಲಪುರದ ಅಂಗಡಿಗಳ ಮುಂದೆ ಬಿದ್ದಿರುವ ಬಾಕ್ಸುಗಳ ನಡುವೆ ಕುಕ್ಕರಗಾಲಲ್ಲಿ ಕೂತು, ಒಂದೊಂದರ ಮೂಲೆಯನ್ನೂ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಳು. 'ಬೆರಳು ಒಳಗ ಹೋತಂದ್ರ ಬ್ಯಾಡ. ಅದ್ರಾಗ ರೊಟ್ಟಿ ಹಾಕಿದ್ರ ನುಚ್ಚೇ ಮುಟ್ತದ' ಎನ್ನುವಳು. ಬಿಸ್ಕತ್ತಿನ ಬಾಕ್ಸು ದೊಡ್ಡದು, ಆದರೆ ತೆಳು. ಸೋಪಿನ ಬಾಕ್ಸು ಗಟ್ಟಿ, ಆದರೆ ರೊಟ್ಟಿಗೆ ವಾಸನೆ ಹತ್ತುತ್ತದೆಂದು ಅದನ್ನು ಮುಟ್ಟುತ್ತಿರಲಿಲ್ಲ. ನಾನು ಹೆಬ್ಬೆರಳಿನ ಪಾಠವನ್ನಷ್ಟೇ ನೆನಪಿಟ್ಟುಕೊಂಡೆ, ಸೋಪಿನದನ್ನು ಮರೆತೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ರೊಟ್ಟಿ ಹೋಗುತ್ತಿದ್ದುದು ಪುಣೆಯಲ್ಲಿರುವ ನನ್ನ ತಂಗಿಗೆ. ಒಣಗಿಸಿದ ಕಡಕ್ ಜೋಳದ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ, ಆದರೆ ಹಪ್ಪಳದಂತೆ ಮುರಿಯುತ್ತದೆ. ಒಂದು ಸಲ ನಾನು ಅವಸರಕ್ಕೆ ಬಿಸ್ಕತ್ತಿನ ಬಾಕ್ಸಿಗೆ ಹಾಕಿ ಬಸ್ಸಿಗೆ ಕೊಟ್ಟಿದ್ದೆ. ಪುಣೆಯಲ್ಲಿ ಬಿಚ್ಚಿದರೆ ಬರೀ ಪುಡಿ. ಅವ್ವ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಆಮೇಲೆ ತಂಗಿ ಬಸುರಿಯಾದಳು. ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರಿಂದ ಹೆರಿಗೆ ಅಲ್ಲೇ ಆಯಿತು. ಬಾಣಂತನಕ್ಕೆ ಅವ್ವನೇ ಹೋಗುವುದೆಂದು ನಿಶ್ಚಯವಾಯಿತು. ನನ್ನ ಮನೆಯಲ್ಲೇ ಇದ್ದ ಅವಳು ಎರಡು ಮುಂಜಾನೆ ಕೂತು ನಲವತ್ತು ರೊಟ್ಟಿ ಬಡಿದಳು, ಮಾಳಿಗೆಯ ಮೇಲೆ ಒಣಗಿಸಿ ಬುಟ್ಟಿಗೆ ಹಾಕಿದಳು. ಮೂರನೆಯ ದಿನ ಒಲೆಯ ಮುಂದೆ ಎದೆ ಹಿಡಿದುಕೊಂಡು ಕೂತವಳು ಮೇಲೇಳಲಿಲ್ಲ.

ಕೂಸಿಗೆ ಆಗ ಆರು ದಿನ. ತಂಗಿ ಮಣ್ಣಿಗೆ ಬರಲಿಲ್ಲ. ಅವ್ವನ ಮುಖವನ್ನು ಫೋನಿನಲ್ಲಿ ನೋಡಿದಳು, ಅದೂ ನಡುನಡುವೆ ನಿಂತು ನಿಂತು ಬಂದ ಚಿತ್ರದಲ್ಲಿ. ಕರಜಗಿಯ ನಮ್ಮ ಹೊಲದಲ್ಲಿ ಅವ್ವನಿಗೆ ಮಣ್ಣು ಕೊಟ್ಟು ಬಂದ ಮೇಲೆ ಫೋನಿನಲ್ಲಿ ತಂಗಿಯದೊಂದೇ ಮಾತು: 'ಅಕ್ಕಾ, ಅವ್ವ ಮಾಡಿದ್ ರೊಟ್ಟಿ ಅವ ಅಲ್ಲಾ? ನನಗ ಮತ್ತೇನೂ ಬ್ಯಾಡ. ಅವಷ್ಟು ಕಳಸು.'

ಇನ್ನು ಅವ್ವನ ಕೈಯದೆಂದು ಅವಳಿಗೆ ಸಿಗುವುದು ಆ ನಲವತ್ತೇ. ಒಂದೂ ಮುರಿಯಬಾರದೆಂದು ಹಟ ಹಿಡಿದೆ.

ಓಣಿಯ ಕಿರಾಣಿ ಅಂಗಡಿಯ ಚಾಚಾ ಎರಡು ಬಿಸ್ಕತ್ತಿನ ಬಾಕ್ಸು ತೆಗೆದಿಟ್ಟಿದ್ದರು. 'ಒಂದ್ರಾಗ ಒಂದ್ ಕೂಡಸ್ರಿ, ಸುತ್ಲಿ ಹಗ್ಗದ್ಲೆ ಬಿಗೀರಿ, ಏನೂ ಆಗಂಗಿಲ್ಲ' ಎಂದರು. ನಾನು ಒತ್ತಿ ನೋಡಿದೆ. ಬೆರಳು ಒಳಗೆ ಹೋಯಿತು. ಅಲ್ಲೇ ಬಿಟ್ಟು ಗೊಬ್ಬರದ ಅಂಗಡಿಗೆ ಹೋದೆ. ತೊಗರಿಗೆ ಹೊಡೆಯುವ ಕೀಟನಾಶಕಕ್ಕೆ ನಮ್ಮಲ್ಲಿ ಎಣ್ಣೆ ಎನ್ನುತ್ತಾರೆ. ಆ ಬಾಟಲಿಗಳು ಬರುವ ಬಾಕ್ಸಿನಷ್ಟು ಗಟ್ಟಿ ಬಾಕ್ಸು ತಾಲ್ಲೂಕಿನಲ್ಲೇ ಇಲ್ಲ. ಮನೆ ಬದಲಿಸುವವರೆಲ್ಲ ಪಾತ್ರೆ ತುಂಬಲು ಅದನ್ನೇ ಒಯ್ಯುತ್ತಾರೆ. ಒಂದನ್ನು ಆರಿಸಿದೆ. ಮೂಲೆ ಕಲ್ಲಿನಂತಿತ್ತು.

ವಾಪಸು ಬರುವಾಗ ಚಾಚಾ ನೋಡಿದರು. 'ಅದ್ರಾಗ ತಿನ್ನೋದು ಹಾಕ್ತೀರೇನ್ರಿ ಅಕ್ಕೋರೆ? ಎಣ್ಣಿ ವಾಸನಿ ಬರಾಕತ್ತದ.'

'ಯಾವ ವಾಸನಿನೂ ಇಲ್ರಿ ಚಾಚಾ. ನಿಮ್ ಬಾಕ್ಸ್ ಒಯ್ಯಲಿಲ್ಲಂತ ಸಿಟ್ಟೇನು?' ಎಂದುಬಿಟ್ಟೆ. ಪಾಪ, ಅವರು ತಕ್ಕಡಿಯ ಕಡೆ ತಿರುಗಿದರು.

ನಾನು ಸುಳ್ಳು ಹೇಳಲಿಲ್ಲ. ಬಾಕ್ಸಿನೊಳಗೆ ಮುಖವಿಟ್ಟು ಮೂಸಿದ್ದೆ, ಏನೂ ತಿಳಿದಿರಲಿಲ್ಲ. ತೊಗರಿಗೆ ಎಣ್ಣೆ ಹೊಡೆಯುವ ದಿನಗಳವು. ಹೊಡೆಯುವ ಪಂಪು ನಮ್ಮ ಅಡುಗೆಮನೆಯ ಬಾಗಿಲ ಹಿಂದೆಯೇ ಇರುತ್ತಿತ್ತು, ಗಂಡನ ಅಂಗಿ ಮಂಚದ ಮೇಲಿನ ಗೂಟಕ್ಕೆ. ಆ ವಾಸನೆಯಲ್ಲೇ ಉಂಡು ಮಲಗುವವರ ಮೂಗಿಗೆ ಅದು ಹೇಗೆ ತಿಳಿಯಬೇಕು? ಆದರೂ ಎರಡು ದಿನ ಬಿಸಿಲಿಗಿಟ್ಟೆ. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ರೊಟ್ಟಿ ಮೆತ್ತಗಾಗುತ್ತದೆಂದು ಅವ್ವನ ಹಳೆಯ ಸೀರೆಯಲ್ಲಿ ಸುತ್ತಿ, ಸಂದಿಗೆಲ್ಲ ಅರಿವೆ ತುರುಕಿ, ಪುಣೆ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟೆ.

ಮರುದಿನ ನಾನೇ ಫೋನ್ ಮಾಡಿದೆ. 'ಎಷ್ಟ್ ಮುರದಾವ ಬೇ?'

'ಒಂದೂ ಮುರದಿಲ್ಲಕ್ಕ' ಎಂದು ತಂಗಿ ಅಳತೊಡಗಿದಳು. ಅವ್ವನ ನೆನಪಿಗೆ ಅಳುತ್ತಾಳೆಂದುಕೊಂಡು ನಾನೂ ಅತ್ತೆ. ಅತ್ತು ಮುಗಿಸಿ ಚಾಚಾನ ಅಂಗಡಿಗೆ ಹೋಗಿ, 'ನೋಡ್ರಿ, ಒಂದೂ ಮುರದಿಲ್ಲಂತ' ಎಂದು ಹೇಳಿಯೂ ಬಂದೆ.

ತೊಗರಿ ರಾಶಿ ಮುಗಿದ ಮೇಲೆ ಕೂಸನ್ನು ನೋಡಲು ಪುಣೆಗೆ ಹೋದೆ. ತಂಗಿಯ ಒಂದೇ ಕೋಣೆಯ ಮನೆಯಲ್ಲಿ ಕಪಾಟಿನ ಮೇಲೆ ಆ ಬಾಕ್ಸು ಇತ್ತು, ಮೇಲೆ ಎರಡು ಸುತ್ತು ಪ್ಲಾಸ್ಟಿಕ್ಕು. ಅದರಾಗ ಏನಿಟ್ಟೀದಿ ಎಂದು ಕೇಳಿದೆ. 'ಇರ್ಲಿ ಬಿಡಕ್ಕ' ಎಂದಳು. ನಾನು ಬಿಡುವವಳೇ? ಸ್ಟೂಲು ಹಾಕಿ ಇಳಿಸಿದೆ, ಬಿಚ್ಚಿದೆ.

ಗಪ್ಪನೆ ಬಡಿಯಿತು ಎಣ್ಣೆಯ ವಾಸನೆ. ಪಂಪು ಇಲ್ಲದ ಆ ಮನೆಯಲ್ಲಿ ಮೊದಲ ಸಲ ನನ್ನ ಮೂಗಿಗೆ ಅದು ತಿಳಿಯಿತು. ಸೀರೆಯ ತುಂಬ ಅದೇ, ರೊಟ್ಟಿಯ ತುಂಬ ಅದೇ. ನಲವತ್ತೂ ಹಾಗೇ ಇದ್ದವು.

'ಕೂಸು ಹಾಲು ಕುಡೀತಿತ್ತು. ಹ್ಯಾಂಗ ತಿನ್ಲಿ?' ಎಂದಳು ತಂಗಿ.

'ಅವತ್ತೇ ಹೇಳಬಾರದಾ?'

'ಅವ್ವ ಹೋಗಿ ಹದಿನೈದು ದಿನಾ ಆಗಿದ್ದಿಲ್ಲ. ನೀ ಕೇಳಿದ್ದು ಮುರದಾವೇನಂತ. ಅದಕ್ಕಷ್ಟ ಹೇಳ್ದೆ.' ಸೀರೆಯನ್ನು ಮತ್ತೆ ರೊಟ್ಟಿಯ ಮೇಲೆ ಹೊದಿಸಿ, 'ಬಿಸಾಡಾಕ ಕೈ ಬರ್ಲಿಲ್ಲಕ್ಕ. ಗುಬ್ಬಿಗಾದ್ರೂ ಹಾಕ್ಬೇಕಂದ್ರ ಗುಬ್ಬಿ ಸಾಯ್ತಾವ. ನೀನೇ ಒಯ್ದು ಅವ್ವನ ಹಂತ್ಯಾಕ ಇಟ್ಟು ಬಾ' ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲೇ ಇಲ್ಲ.

ಬಾಕ್ಸನ್ನು ಮತ್ತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಕರಜಗಿಯ ಹೊಲದಲ್ಲಿ ಅವ್ವನ ಮಣ್ಣಿನ ಪಕ್ಕ ಗಂಡ ಗುಂಡಿ ತೋಡಿದ. ಇಡುವ ಮುಂಚೆ ಒಂದು ರೊಟ್ಟಿ ತೆಗೆದು ನೋಡಿದೆ. ಅಂಚಿನಲ್ಲಿ ಅವ್ವ ಬಡಿದ ಬೆರಳುಗಳ ಗುರುತು ಸ್ಪಷ್ಟವಾಗಿತ್ತು. ಅದನ್ನು ಒಳಗಿಟ್ಟು ಮುಚ್ಚಿ, ರೂಢಿಯಿಂದ ಬಾಕ್ಸಿನ ಮೂಲೆ ಒತ್ತಿದೆ. ಬೆರಳು ಒಳಗೆ ಹೋಗಲಿಲ್ಲ.