ಮಾಯಾವನದಲ್ಲಿ ಮರಗಸಿ

ಗೆಳೆಯರೇ, ಸಮಸ್ತ ಮನುಕುಲಕ್ಕೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಸಾವಿರ ವರ್ಷಗಳಿಂದ ಮನುಷ್ಯರು ಕಾಲಿಡದ ಮಾಯಾವನದಲ್ಲಿ ಯಾರೋ ಮರಗಸಿ ಮಾಡಿಸಿದ್ದಾರೆ! ತೋಟವಿಲ್ಲದ ಬಡಪಾಯಿಗಳ ಗಮನಕ್ಕೆ: ಕಾಫಿ ಗಿಡಕ್ಕೆ ಬೆಳಕು ಬೀಳಲೆಂದು ನೆರಳಿನ ಮರದ ಕೊಂಬೆ ಕಡಿಸುವುದೇ ಮರಗಸಿ.

ಪತ್ತೆ ಹಚ್ಚಿದ್ದು ವನಗೂರಿನ ಕಾಫಿ ತೋಟದಿಂದ ಬಂದಿರುವ ನನ್ನ ಮಾವ. ನನಗೆ ಬಾಯಿಪಾಠವಾಗಿರುವ ಮಾಂತ್ರಿಕರ ಸಿನಿಮಾ ಸರಣಿಯನ್ನು ಅವರಿಗೂ ಮೆಚ್ಚಿಸಲೇಬೇಕೆಂದು ಇವತ್ತು ಡಿವಿಡಿ ಹಾಕಿ ಕೂರಿಸಿದ್ದೆ. ಮೊದಲ ಭಾಗ ಪೂರ್ತಿ ಆಕಳಿಸಿದರು. ಎರಡನೆಯದರಲ್ಲಿ ರಾಜಕುಮಾರ ಮಾಯಾವನದ ಮರದ ಕೆಳಗೆ ಪ್ರಾಣ ಬಿಡುತ್ತಿದ್ದ. ಎಂದಿನಂತೆ ನಾನು ಕಣ್ಣೊರೆಸಿಕೊಳ್ಳುತ್ತಿದ್ದೆ. ಆಗ ಮಾವ ನೆಟ್ಟಗೆ ಕೂತರು.

“ನಿಲ್ಸಿ ಅಳಿಯಂದ್ರೇ! ಆ ಕೊಂಬೆ ನೋಡಿ. ಕತ್ತಿ ಏಟು ಇನ್ನೂ ಹಸಿ ಐತೆ.”

“ಅಲ್ಲಿಗೆ ಮನುಷ್ಯರೇ ಹೋಗಲ್ಲ ಮಾವ. ಅದು ಶಾಪದ ಕಾಡು.”

“ಶಾಪ ಕೊಂಬೇನ ಓರೆಯಾಗಿ ಕಡೀತದಾ? ಮಳೆನೀರು ನಿಲ್ದಂಗೆ ಕಡ್ದವ್ನೆ ಕಣ್ರೀ. ಒಳ್ಳೆ ಕೆಲ್ಸಗಾರ!”

ಹಿಂದಕ್ಕೆ ಓಡಿಸಿ ನೋಡಿದೆ. ನಿಜಕ್ಕೂ ಓರೆಯಾಗಿಯೇ ಇತ್ತು! ಪ್ರತಿಸಲ ಅಳುವುದರಲ್ಲೇ ಮುಳುಗಿದ್ದ ನನಗೆ ಅದು ಕಂಡೇ ಇರಲಿಲ್ಲ. ರಾಜಕುಮಾರ ಅತ್ತ ಸಾಯುತ್ತಲೇ ಇದ್ದ, ನಾವಿಬ್ಬರೂ ಇತ್ತ ಕೊಂಬೆ ಹುಡುಕುತ್ತಿದ್ದೆವು.

“ಮೊದಲ್ನೇದು ಇನ್ನೊಂದ್ಸಲ ಹಾಕಿ. ಅದ್ರಲ್ಲಿ ಮರ ನೋಡ್ದೆ ನಿದ್ದೆ ಮಾಡ್ಬುಟ್ಟೆ,” ಎಂದರು ಮಾವ.

ಮೆಚ್ಚಿದರೆಂದೇ ನಾನು ತೀರ್ಮಾನಿಸಿದ್ದೇನೆ.

ಒಂದು ವಿನಂತಿ. ನನ್ನ ಬಳಿಯ ಮೂರನೇ ಭಾಗದ ಡಿವಿಡಿಗೆ ಗೀರು ಬಿದ್ದು, ಕಾಡು ಬಂದ ಕೂಡಲೇ ನಿಂತುಬಿಡುತ್ತದೆ. ಬಾಳ್ಳುಪೇಟೆ, ಆಲೂರು ಕಡೆ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಬೇಗ ಕೊಡಿ. ಅದನ್ನು ನೋಡದೆ ಮಾವ ಊರಿಗೆ ಹೊರಡುವುದಿಲ್ಲವಂತೆ.