ನಡುಹೊಳೆಯ ಆಣೆ

ಹೊಳೆಯ ಮೇಲಿನ ಮಂಜು ಇನ್ನೂ ಎದ್ದಿಲ್ಲ. ದಡದಲ್ಲಿ ಬೋರಲು ಹಾಕಿದ ಹರಿಗೋಲಿನ ಸುತ್ತ ಅಂಬಿಗ ಚಿತ್ತಪ್ಪ ಕುಕ್ಕರುಗಾಲಿನಲ್ಲೇ ಸರಿಯುತ್ತಾ, ಚರ್ಮದ ಹೊಲಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಾನೆ. ಹೊಲಿಗೆ ಬಿಟ್ಟ ಕಡೆ ಎಣ್ಣೆ, ರಾಳ ಕಲಸಿದ ಮುದ್ದೆ ಮೆತ್ತುತ್ತಾನೆ. ಮೆತ್ತಿದ ಮೇಲೇ ಮತ್ತೆ ಮೆತ್ತಿ ಮೆತ್ತಿ ಹರಿಗೋಲಿಗೆ ಚರ್ಮಕ್ಕಿಂತ ತೇಪೆಯೇ ಹೆಚ್ಚಾಗಿದೆ. "ಚರ್ಮ ಎಲ್ಲಾ ಯುದ್ಧಕ್ಕೆ ಹೋಗೈತಂತೆ ಸ್ವಾಮಿ, ಸಿಪಾಯರ ಬೂಟಿಗೆ. ನಮಗೆ ಎಲ್ಲಿ ಸಿಗಬೇಕು?" ಎಂದು ಪತ್ರಿಕೆಗೆ ಬರೆಯಲು ಬಂದ ನನಗೆ ಹೇಳುತ್ತಾನೆ. ಆಮೇಲೆ ಹರಿಗೋಲನ್ನು ಮಗುಚಿ ನೀರಿಗೆ ತಳ್ಳಿ, ನೀರನ್ನು ಬೆರಳ ತುದಿಯಲ್ಲಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹುಟ್ಟು ಕೈಗೆತ್ತಿಕೊಳ್ಳುತ್ತಾನೆ.

ಇವತ್ತು ಪ್ರಜಾಪ್ರತಿನಿಧಿ ಸಭೆಗೆ ಓಟು. ಹೊನ್ನಾಳಿ ತಾಲ್ಲೂಕಿನ ಈ ಹೊಳೆಬಸಾಪುರದವರು, ಅಕ್ಕಪಕ್ಕದ ಹಳ್ಳಿಯವರು ಓಟು ಹಾಕಬೇಕಾದರೆ ಆಚೆ ದಡದ ಚಾವಡಿಗೇ ಹೋಗಬೇಕು. ಎಲ್ಲರಿಗೂ ಓಟಿಲ್ಲ. ಕಂದಾಯ ಕಟ್ಟುವ ಹೊಲದವರಿಗೆ, ಓದಿದ ನಾಲ್ಕಾರು ಜನಕ್ಕೆ ಮಾತ್ರ ಉಂಟು. ಅವರನ್ನೆಲ್ಲ ಹೊತ್ತು ಮುಳುಗುವವರೆಗೆ ದಾಟಿಸುವ ಚಿತ್ತಪ್ಪನಿಗೇ ಓಟಿಲ್ಲ. ಹೊಲ ಏನೂ ಇಲ್ಲವೆ ಎಂದು ಕೇಳಿದರೆ ಹುಟ್ಟಿನ ತುದಿಯಿಂದ ಹೊಳೆಯನ್ನು ತೋರಿಸುತ್ತಾನೆ. "ನಮ್ಮ ಹೊಲ ಇದೇ ನೋಡ್ರಿ. ಇದಕ್ಕೆ ಸರ್ಕಾರದೋರು ಇನ್ನೂ ಕಂದಾಯ ಹಾಕಿಲ್ಲ."

ಈ ಕ್ಷೇತ್ರದಲ್ಲಿ ಯಾವ ಸಲ ಯಾರು ಗೆದ್ದರು ಎಂದು ಕಚೇರಿಯಲ್ಲಿ ಕೇಳಿದರೆ ಹೆಸರು ಹೇಳುತ್ತಾರೆ. ಚಿತ್ತಪ್ಪನಿಗೆ ಹೆಸರು ನೆನಪಿಲ್ಲ, ಹರಿಗೋಲಿನಲ್ಲಿ ಕೂತು ಅವರು ಆಡಿದ ಮಾತು ನೆನಪಿದೆ. "ಒಬ್ರು ಸಾಲಿ ಕಟ್ಟಿಸ್ತೀನಿ ಅಂದ್ರು. ಅವರು ಗೆದ್ರು. ಇನ್ನೊಬ್ರು ದನದ ಡಾಕ್ಟರ್ನ ಕರ್ಕೊಂಡ್ ಬರ್ತೀನಿ ಅಂದ್ರು. ಅವರೂ ಗೆದ್ರು." ಸಾಲೆ ಎಲ್ಲಿದೆ ಎಂದು ನಾನು ಕೇಳಲಿಲ್ಲ. ದಡದ ಮೇಲೆ ನಿಂತು ಸುತ್ತ ಕಣ್ಣು ಹಾಯಿಸಿದರೆ ಸಾಕು, ಹುಣಸೆಮರ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗ ಯಾರು ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅದರ ಪೂರ್ತಿ ರೂಪ ಭಾನುವಾರದ ಪುರವಣಿಯಲ್ಲಿ ಅಚ್ಚು ಹಾಕುವಂಥದ್ದಲ್ಲ, ಆದರೆ ನಿಜವಾದದ್ದು ಅದೇ.

ಓಟಿನ ದಿನ ಈ ಹೊಳೆಯಲ್ಲಿ ಒಂದು ರೂಢಿ ಉಂಟು. ಅಭ್ಯರ್ಥಿಯ ಕಡೆಯವರು ಓಟುದಾರರ ಜೊತೆಗೇ ಹರಿಗೋಲು ಹತ್ತುತ್ತಾರೆ. ನಡುಹೊಳೆಗೆ ಬಂದಾಗ "ನಿಲ್ಸಪ್ಪಾ" ಎನ್ನುತ್ತಾರೆ. ಅಂಬಿಗ ಹುಟ್ಟು ನಿಲ್ಲಿಸಬೇಕು. ಕೂತವರು ಒಬ್ಬೊಬ್ಬರಾಗಿ ಬಗ್ಗಿ, ಕೈಯನ್ನು ನೀರಲ್ಲಿ ಅದ್ದಿ, ಇಂಥವರಿಗೇ ಓಟು ಎಂದು ಗಂಗಮ್ಮನ ಮೇಲೆ ಆಣೆ ಇಡಬೇಕು. ಗುಡಿಯಲ್ಲಿ ಮಾಡಿದ ಆಣೆಗೆ ಪೂಜಾರಿ ಸಾಕ್ಷಿಯಾದರೆ ಇಲ್ಲಿ ಅಂಬಿಗನೇ ಸಾಕ್ಷಿ. "ಸಾಕ್ಷಿ ಅಂದ್ರೆ ಸುಮ್ಕೆ ಅಲ್ಲ. ಮಾತು ಕೊಟ್ಟೋನು ತಪ್ಪಿದ್ರೆ ಗಂಗಮ್ಮ ಹುಟ್ಟು ಹಿಡಿದೋನ್ನ ಕೇಳ್ತಾಳೆ ಅಂತ ನಮ್ಮಪ್ಪ ಹೇಳ್ತಿದ್ದ" ಎನ್ನುತ್ತಾನೆ ಚಿತ್ತಪ್ಪ.

ನಾಲ್ಕು ವರ್ಷದ ಹಿಂದಿನ ಓಟಿನಲ್ಲಿ ಹತ್ತಿ ಗಿರಣಿಯ ಸಾಹುಕಾರರೊಬ್ಬರು ನಿಂತಿದ್ದರು. ಅವರೇ ಖುದ್ದಾಗಿ ಹರಿಗೋಲು ಹತ್ತಿದರು. ನಡುಹೊಳೆಯಲ್ಲಿ ಎಲ್ಲರೂ ಕೈ ಅದ್ದಿದರು, ಅಜ್ಜಮ್ಮ ಎಂಬ ಮುದುಕಿ ಮಾತ್ರ ಅದ್ದಲಿಲ್ಲ. ಗಂಡ ತೀರಿಕೊಂಡ ಮೇಲೆ ಹೊಲ ಆಕೆಯ ಹೆಸರಿಗೆ ಬಂದಿತ್ತು, ಹೊಲದ ಜೊತೆಗೆ ಓಟೂ ಬಂದಿತ್ತು. "ನಾವು ಮುಟ್ತೀವಿ, ನೀವೂ ಮುಟ್ರಿ" ಎಂದಳಂತೆ. "ಮಳೆಗಾಲದಾಗೆ ಹರಿಗೋಲು ನಡೆಯಲ್ಲ. ಸುತ್ತಿ ಹೋಗಾಕೆ ಹಳ್ಳ ಬಿಡಲ್ಲ. ಬಸುರಿ ಹೆಂಗಸ್ರು ಈ ದಡದಾಗೇ ಸಾಯ್ತಾರೆ. ಒಂದು ದೊಡ್ಡ ಮರದ ದೋಣಿ ತರ್ಸಿಕೊಡ್ತೀನಿ ಅಂತ ಮುಟ್ರಿ." ಸಾಹುಕಾರರು ನಕ್ಕು, ಅಂಗಿಯ ತೋಳು ಮೇಲೇರಿಸಿ, ಮೊಣಕೈವರೆಗೂ ನೀರಿಗಿಳಿಸಿದರು. ಮುಂದಿನ ಮಳೆಗಾಲದೊಳಗೆ ದೋಣಿ ಎಂದರು. ಹರಿಗೋಲಿನಲ್ಲಿದ್ದವರೆಲ್ಲ ಖುಷಿಪಟ್ಟರು, ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವನು ಚಿತ್ತಪ್ಪ. ಆ ದೋಣಿಗೂ ತಾನೇ ಅಂಬಿಗ ಎಂದುಕೊಂಡಿದ್ದ.

ಅವರು ಗೆದ್ದರು. ಮಳೆಗಾಲ ಬಂತು, ದೋಣಿ ಬರಲಿಲ್ಲ.

ಚಿತ್ತಪ್ಪನ ಒಬ್ಬಳೇ ಮಗಳು ಉಡಚಮ್ಮನನ್ನು ನ್ಯಾಮತಿ ಕಡೆಗೆ ಕೊಟ್ಟಿದ್ದರು. ಆ ಮಳೆಗಾಲದಲ್ಲೇ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ನೋವು ಶುರುವಾಗಿ ಎರಡನೇ ಬೆಳಗಾದರೂ ಹೆರಿಗೆಯಾಗಲಿಲ್ಲ. ಸೂಲಗಿತ್ತಿ ಕೈಚೆಲ್ಲಿ, ಹೊನ್ನಾಳಿ ಆಸ್ಪತ್ರೆಗೆ ಒಯ್ಯಿರಿ ಎಂದಳು. ಅದಕ್ಕೆ ಆಚೆ ದಡ ಸೇರಿ ಗಾಡಿ ಹಿಡಿಯಬೇಕು. ಹೊಳೆಯೋ ಹುಣಸೆಮರದ ಬುಡಕ್ಕೆ ಬಂದಿತ್ತು. ಚಿತ್ತಪ್ಪ ಮಗಳನ್ನು ಹರಿಗೋಲಿನಲ್ಲಿ ಮಲಗಿಸಿಕೊಂಡು ಹೊರಟೇಬಿಟ್ಟ. "ನಡುವಿನ ತನಕ ಹೋದೆ. ಅಲ್ಲಿ ಬುಗುರಿ ತಿರುಗ್ದಂಗೆ ತಿರುಗ್ತು. ಹುಟ್ಟು ಹಾಕಿದ್ರೂ ಒಂದೇ, ಬಿಟ್ರೂ ಒಂದೇ. ಅಪ್ಪಾ ಹಿಂದಕ್ಕೆ ನಡಿ ಅಂತ ಅವಳೇ ಅಂದ್ಲು." ನೀರೇ ಅವರನ್ನು ತಂದು ಕೆಳಗಿನ ಜವುಗು ನೆಲಕ್ಕೆ, ಈಚೆ ದಡಕ್ಕೇ ಎಸೆಯಿತು. ಜನ ಓಡಿ ಬರುವಷ್ಟರಲ್ಲಿ ತಾಯಿಯೂ ಇಲ್ಲ, ಮಗುವೂ ಇಲ್ಲ.

"ಸಾಹುಕಾರ್ರು ಕೈ ಅದ್ದಿದ ಜಾಗ ಅದೇ ಸ್ವಾಮಿ. ಅವತ್ತು ಹುಟ್ಟು ನಿಲ್ಸಿದೋನು ನಾನೇ. ಗಂಗಮ್ಮ ನನ್ನೇ ಕೇಳಿದ್ಲು" ಎನ್ನುತ್ತಾನೆ. ಗಂಗಮ್ಮ ಅಷ್ಟು ಅನ್ಯಾಯದವಳಲ್ಲ, ಮಾತು ತಪ್ಪಿದವರು ಬೇರೆ ಎಂದು ನಾನು ಎಷ್ಟು ಹೇಳಿದರೂ ಇಲ್ಲವೆಂದು ತಲೆಯಾಡಿಸುತ್ತಾನೆ. ನನಗೆ ಸಿಟ್ಟು ಬರುತ್ತದೆ, ಆತನಿಗೆ ಸಿಟ್ಟೂ ಬರುವುದಿಲ್ಲ. ಹೆಂಡತಿ ದುರುಗಮ್ಮ ಒಲೆಯ ಮುಂದಿನಿಂದಲೇ ಹೇಳುತ್ತಾಳೆ: "ಗೆದ್ದೋರು ಮೋಟಾರಿನಾಗೆ ಓಡಾಡ್ತಾರೆ. ಹೊಳೆಗೆ ಸಿಗೋದು ನಾವೇ." ಆ ದಿನದಿಂದ ಇವತ್ತಿಗೂ ಅವಳು ಹರಿಗೋಲು ಹತ್ತಿಲ್ಲ.

ಈ ಸಲ ಅದೇ ಸಾಹುಕಾರರು ಮತ್ತೆ ನಿಂತಿದ್ದಾರೆ. ಅವರ ಕಡೆಯ ಮರುಳಸಿದ್ದಪ್ಪ, ಇದೇ ಊರಿನ ದೊಡ್ಡ ಹೊಲದವನು, ಮೊದಲ ತಂಡದ ಜೊತೆ ಹತ್ತುತ್ತಾನೆ. ಚಿತ್ತಪ್ಪನಿಗೆ ದಾಟಿಸಿದ್ದಕ್ಕೆ ಕೂಲಿಯಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಹೊಲದವರು ಮೊರದಲ್ಲಿ ಕಾಳು ಸುರಿಯುತ್ತಾರೆ, ವರ್ಷವಿಡೀ ಅದೇ ಊಟ. ಮರುಳಸಿದ್ದಪ್ಪನ ಕಣ ಎಲ್ಲಕ್ಕಿಂತ ದೊಡ್ಡದು. ಅವನು ಕೊಡದಿದ್ದರೆ ಉಳಿದವರೂ ಕೈ ಬಿಗಿಹಿಡಿಯುತ್ತಾರೆ.

ನಾನೂ ಒಂದು ಮೂಲೆಯಲ್ಲಿ ಕೂತಿದ್ದೇನೆ. ನಡುಹೊಳೆ ಬರುತ್ತದೆ.

"ನಿಲ್ಸು ಚಿತ್ತಪ್ಪ" ಎನ್ನುತ್ತಾನೆ ಮರುಳಸಿದ್ದಪ್ಪ.

ಚಿತ್ತಪ್ಪ ಹುಟ್ಟು ಹಾಕುತ್ತಲೇ ಇದ್ದಾನೆ.

"ಕಿವಿ ಕೇಳಲ್ಲೇನೋ?"

"ಕೇಳ್ತೈತ್ರಿ ಗೌಡ್ರೆ. ದಾಟ್ಸಾಕೆ ಅಂದ್ರೆ ದಾಟ್ಸ್ತೀನಿ. ನಿಲ್ಸಾಕೆ ಮಾತ್ರ ಹೇಳಬ್ಯಾಡ್ರಿ. ನೀರು ಮುಟ್ಟಬ್ಯಾಡ್ರಿ, ಕೈ ಮುಗೀತೀನಿ."

ಮುಗಿಯಲು ಕೈಗೆ ಬಿಡುವಿರಲಿಲ್ಲ, ಎರಡೂ ಹುಟ್ಟಿನ ಮೇಲಿದ್ದವು. ಅಜ್ಜಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನೀರನ್ನೇ ನೋಡುತ್ತಿದ್ದಳು. "ಆಗಲಿ, ಸುಗ್ಗಿಗೆ ಕಣದ ಕಡೆ ಬರ್ತೀಯಲ್ಲ, ಅವಾಗ ಮಾತಾಡಾನ" ಎಂದ ಮರುಳಸಿದ್ದಪ್ಪ ಮೆಲ್ಲಗೆ. ಆಚೆ ದಡ ಮುಟ್ಟಿತು. ಎಲ್ಲರೂ ಇಳಿದರು. ಇಳಿದವರನ್ನು ಮರುಳಸಿದ್ದಪ್ಪ ನೀರಿನ ಅಂಚಿನಲ್ಲೇ ಸಾಲಾಗಿ ನಿಲ್ಲಿಸಿದ. ಒಬ್ಬೊಬ್ಬರೇ ಬಗ್ಗಿ, ಮೊಣಕಾಲುದ್ದದ ನೀರಲ್ಲಿ ಕೈ ಅದ್ದಿ ಆಣೆ ಇಟ್ಟರು. ಅಜ್ಜಮ್ಮನೂ ಅದ್ದಿದಳು. ಈ ಸಲ ತಿರುಗಿ ಯಾರನ್ನೂ ಏನೂ ಕೇಳಲಿಲ್ಲ. ಚಿತ್ತಪ್ಪ ಆ ಕಡೆ ಬೆನ್ನು ಮಾಡಿ ಹರಿಗೋಲಿನ ನೀರು ಮೊಗೆದು ಚೆಲ್ಲುತ್ತಿದ್ದ.

ಸಾಹುಕಾರರೇ ಗೆದ್ದರು. ದೋಣಿಯ ಮಾತನ್ನು ಈ ಸಲ ಅವರು ಎತ್ತಲೂ ಇಲ್ಲ, ಎತ್ತಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಸುಗ್ಗಿ ಮುಗಿದ ಮೇಲೆ ಇನ್ನೊಮ್ಮೆ ಹೋಗಿದ್ದೇನೆ. ಅದೇ ಬೆಳಗು, ಅದೇ ಕುಕ್ಕರುಗಾಲು. ಮರುಳಸಿದ್ದಪ್ಪನ ಕಣದಿಂದ ಚಿತ್ತಪ್ಪ ಬರಿಗೈಯಲ್ಲಿ ಬಂದಿದ್ದಾನೆ, ಉಳಿದ ಕಣಗಳಿಂದಲೂ ಹಾಗೆಯೇ. ಅಜ್ಜಮ್ಮ ಮಾತ್ರ ಮೊರದ ತುಂಬ ಜೋಳ ಕಳಿಸಿದ್ದಾಳೆ, ತಾನು ಬಂದಿಲ್ಲ. ದುರುಗಮ್ಮ ಆ ಜೋಳವನ್ನೇ ಕೇರುತ್ತಾ ಕೂತಿದ್ದಾಳೆ. ಮುಂದಿನ ಮಳೆಗಾಲ ಹೇಗೆ ಕಳೆಯುತ್ತೀರಿ ಎಂದರೆ ದುರುಗಮ್ಮ ಮೊರವನ್ನು ನನ್ನ ಕಡೆ ವಾಲಿಸಿ ತೋರಿಸಿ ಮತ್ತೆ ಕೇರುತ್ತಾಳೆ.

ಪತ್ರಿಕೆಗೆ ಏನು ಬರೆಯಲಿ, ಏನಾದರೂ ಬೇಕೆಂದು ಕೇಳುತ್ತೀಯಾ ಎಂದೆ. ಚಿತ್ತಪ್ಪ ರಾಳದ ಕೈ ಒರೆಸಿಕೊಂಡ.

"ಬೇಕು ಅಂತ ಕೇಳಿ ಏನು ಬಂತು ಬಿಡ್ರಿ. ಆವತ್ತು ನನ್ನ ಹರಿಗೋಲಿನಾಗೆ ಯಾರೂ ಆಣೆ ಇಡ್ಲಿಲ್ಲ ಅಂತ ಬರೀರಿ. ದಡದಾಗೆ ಇಟ್ಟಿದ್ದಕ್ಕೆ ನಾನು ಸಾಕ್ಷಿ ಅಲ್ಲ."

ದುರುಗಮ್ಮ ಮೊರ ನಿಲ್ಲಿಸಿದಳು. "ನಾಕು ವರ್ಷ ತಡ ಆತು" ಎಂದಳು.

"ಹೂಂ, ತಡ ಆತು" ಎಂದು ಚಿತ್ತಪ್ಪ ಮತ್ತೆ ಹೊಲಿಗೆಯ ಕಡೆ ಬಗ್ಗಿದ.